ಬೆನ್ನು ತೋರಿಸುವ ಮುನ್ನ

ತನ್ನನ್ನು ಸರಿಮಾಡುವವರ ಹತ್ತಿರ ಹೋಗುವ ಮೊದಲು ಮನುಷ್ಯ ತಾನೇ ಅಷ್ಟಿಷ್ಟು ಸರಿಯಾಗಿ ಹೋಗುತ್ತಾನೆ. ಕ್ಷೌರಕ್ಕೆ ಹೊರಟವನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾನೆ. ಹಲ್ಲಿನ ಡಾಕ್ಟರನ್ನು ಕಾಣುವ ದಿನ, ವರ್ಷವಿಡೀ ನೀರು ಕಾಣದ ಮೂಲೆಯ ಹಲ್ಲಿಗೂ ಪುಡಿ ಬೀಳುತ್ತದೆ. ನನ್ನ ಹೆಂಡತಿ ಸುಶೀಲಾ, ಭಾಂಡೆ ತಿಕ್ಕುವವಳು ಬರುವ ಮುಂಚೆ ಭಾಂಡೆಗಳನ್ನು ಒಮ್ಮೆ ತೊಳೆದಿಡುತ್ತಾಳೆ. ಯಾಕೆ ಎಂದು ಕೇಳಿದರೆ, "ಆಕಿ ನಮ್ಮ ಮನಿ ಬಗ್ಗೆ ಏನರ ತಿಳಕೊಂಡಾಳು" ಎನ್ನುತ್ತಾಳೆ. ಇದನ್ನೆಲ್ಲ ನೋಡಿ ನಾನು ಬಹಳ ಕಾಲ ನಗುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೇಸಿಗೆಯಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಅಂದಿನಿಂದ ನಗುವುದನ್ನು ಬಿಟ್ಟಿದ್ದೇನೆ. ಏಕೆಂದರೆ ಒಂದು ಮಾಲೀಶಿಗೆ ನಾನು ಮಾಡಿಕೊಂಡಷ್ಟು ತಯಾರಿಯನ್ನು ನನ್ನ ಸ್ವಂತ ಮದುವೆಗೂ ಮಾಡಿಕೊಂಡಿರಲಿಲ್ಲ.

ಆಗ ನಾನು ಇಚಲಕರಂಜಿಯ ಒಂದು ನೂಲಿನ ಅಂಗಡಿಯಲ್ಲಿ ದಿವಾನಜಿಯಾಗಿದ್ದೆ. ದಿವಾನಜಿ ಎಂದರೆ ಆನೆ, ಅಂಬಾರಿ, ಪೇಟ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಮ್ಮ ಕಡೆ ಗುಮಾಸ್ತನನ್ನು ಹಾಗೆ ಕರೆಯುತ್ತಾರೆ. ನನಗಿದ್ದದ್ದು ಒಂದು ಗಾದಿ, ಅದರ ಮುಂದೆ ಒಂದು ಇಳಿಜಾರು ಮೇಜು. ಸುತ್ತಲೂ ಮಗ್ಗಗಳ ಖಟಪಟ. ಆ ಗಾದಿಯ ಮೇಲೆ ಕಾಲು ಮಡಚಿ ಕೂತು ಕೂತು ನನ್ನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಪೆನ್ನಿನ ಟೊಪ್ಪಿಗೆ ಕೆಳಗೆ ಬಿತ್ತು. ಬಗ್ಗಿದೆ. ಟೊಪ್ಪಿಗೆ ಸಿಕ್ಕಿತು, ನಾನು ಮಾತ್ರ ಮೇಲೆ ಬರಲಿಲ್ಲ. ಅದೇ ಹೊತ್ತಿಗೆ ಮಗ್ಗ ರಿಪೇರಿ ಮಾಡುವ ಬಾಬು ಜಾಬರ್ ಒಳಗೆ ಬಂದವನು, ನಾನು ಏನೋ ಹುಡುಕುತ್ತಿದ್ದೇನೆಂದು ತಿಳಿದು ತಾನೂ ಬಗ್ಗಿ ಹುಡುಕತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, "ಏನ್ ಕಳದೈತ್ರಿ ದಿವಾನಜಿ?" ಎಂದು ಕೇಳಿದ. "ನಾನ ಕಳದೇನಿ, ಎಬ್ಬಸು" ಎಂದೆ.

ದೊಡ್ಡ ನೋವಿಗೆ ಸಣ್ಣ ಕಾರಣವನ್ನು ಜನ ಒಪ್ಪುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಪೆನ್ನಿನ ಟೊಪ್ಪಿಗೆ ಎಂದು ನಾನು ಎಲ್ಲರಿಗೂ ನಿಜವನ್ನೇ ಹೇಳಿದೆ. ಯಾರೂ ನಂಬಲಿಲ್ಲ. ಪಕ್ಕದ ಅಂಗಡಿಯವರು ಅದನ್ನು ನೂಲಿನ ಚೀಲ ಮಾಡಿದರು. ಸಂಜೆ ಊರಂಚಿನ ಶಹಾಪುರದ ನಮ್ಮ ಓಣಿಗೆ ಬರುವಷ್ಟರಲ್ಲಿ ಅದು ಮಗ್ಗದ ಕಬ್ಬಿಣದ ತೊಲೆಯಾಗಿತ್ತು, ಅದರ ಕೆಳಗೆ ಸಿಕ್ಕಿಬಿದ್ದಿದ್ದ ಒಬ್ಬ ನೇಕಾರನನ್ನು ನಾನು ಬಿಡಿಸಿದ್ದೆ. ಓಣಿಯ ಹೆಂಗಸರು ಬಂದು ನನ್ನ ಅವ್ವನ ಮುಂದೆ ನನ್ನನ್ನು ಹೊಗಳಿಹೋದರು. ಅವ್ವನಿಗೆ ಮಗನ ಮೇಲೆ ಪ್ರೀತಿ ಇತ್ತು, ಆದರೆ ಆತನ ಶಕ್ತಿಯ ಅಂದಾಜೂ ಇತ್ತು. ಅವರು ಹೋದ ಮೇಲೆ, "ಖರೇ ಹೇಳು, ಎಲ್ಲಿ ಬಿದ್ದಿ?" ಎಂದು ಮೆಲ್ಲಗೆ ಕೇಳಿದಳು.

ಬೆನ್ನು ಬೇರೆ ಯಾವ ಬೇಸಿಗೆಯಲ್ಲಿ ಹಿಡಿದುಕೊಂಡಿದ್ದರೂ ನಾನು ಬಿಸಿನೀರಿನ ಶಾಖ ಕೊಟ್ಟುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅದೇ ಬೇಸಿಗೆಯಲ್ಲಿ ಗಡಹಿಂಗ್ಲಜದಲ್ಲಿ ನನ್ನ ಅಕ್ಕನ ಮಗಳು ಕಸ್ತೂರಿಯ ಮದುವೆ ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮದುಮಗಳು ಹಂದರಕ್ಕೆ ನಡೆದು ಬರುವುದಿಲ್ಲ. ಸೋದರಮಾವ ಆಕೆಯನ್ನು ಎತ್ತಿಕೊಂಡು ಬರಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ. ಕಸ್ತೂರಿ ತೊಟ್ಟಿಲಲ್ಲಿದ್ದಾಗಿನಿಂದ ನಾನು ಅವಳನ್ನು ಎತ್ತಿದವನೇ. ಆದರೆ ನಡುವೆ ಕೆಲವು ವರ್ಷ ಎತ್ತುವ ಪ್ರಸಂಗ ಬಂದಿರಲಿಲ್ಲ. ಆ ವರ್ಷಗಳಲ್ಲಿ ಅವಳು ಶಾಲೆಯ ಖೋಖೋ ತಂಡದ ನಾಯಕಿಯಾಗಿ, ನನಗಿಂತ ನಾಲ್ಕು ಬೆರಳು ಎತ್ತರ ಬೆಳೆದಿದ್ದಳು. ಇನ್ನು ನನ್ನ ಜಾಗಕ್ಕೆ ಬರಲು ಒಬ್ಬ ಉಮೇದುವಾರನೂ ಇದ್ದ. ಕೋವಾಡದ ಸೋಮಣ್ಣ, ನಮ್ಮ ದೊಡ್ಡಪ್ಪನ ಮಗ. ವರಸೆಯಿಂದ ಅವನೂ ಸೋದರಮಾವನೇ. ತೊಗಲಿನ ಬದಲು ತೇಗದ ಹಲಿಗೆ ಹೊದ್ದವನಂಥ ಮೈಕಟ್ಟು. ಯಾವ ಮದುವೆಗೆ ಹೋದರೂ, ಯಾರ ಕೈಯಲ್ಲಿ ಏನೇ ಭಾರ ಕಂಡರೂ "ತಾ ಇಲ್ಲೆ" ಎಂದು ಕಸಿದುಕೊಂಡು, ಎತ್ತಿಕೊಂಡು ಹೋಗುವ ಚಟ ಅವನಿಗೆ.

ಮದುವೆಯ ಸೀರೆ ಕೊಳ್ಳಲು ಅಕ್ಕ ಮತ್ತು ಕಸ್ತೂರಿ ಇಚಲಕರಂಜಿಗೆ ಬಂದರು. ಬಾಗಿಲು ತೆರೆದ ನನ್ನನ್ನು ನೋಡಿ ಅಕ್ಕ, ನಾನು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ್ದೇನೆಂದು ತಿಳಿದು ಆಶೀರ್ವಾದ ಮಾಡಿದಳು. ನಾನು ಏಳದೆ ಇದ್ದದ್ದನ್ನು ಕಂಡ ಮೇಲೆ ವಿಷಯ ಗೊತ್ತಾಯಿತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾರ ಸೋಮಣ್ಣಗ ಹೇಳಿ ಕಳಸೂಣೇನು?" ಎಂದಳು. ಕಸ್ತೂರಿ ಚಹದ ಬಸಿ ಕೆಳಗಿಟ್ಟಳು.

"ಸೋಮಣ್ಣ ಮಾಮಾ ಬ್ಯಾಡ. ಅಂವಾ ನನ್ನ ಶೇಂಗಾದ ಚೀಲ ಎತ್ತಿದಂಗ ಹೆಗಲಮ್ಯಾಲೆ ಒಗಕೊಂಡು ಹೊಕ್ಕಾನ. ಈ ಮಾಮಾ ಎತ್ತಿದ್ರ ಎತ್ತಲಿ, ಇಲ್ಲಂದ್ರ ನಾ ನಡಕೊಂತ ಹೊಕ್ಕೇನಿ."

"ಬೀಗರು ಏನಂದಾರ?"

"ಹುಡುಗಿಗೆ ಕಾಲ ಅದಾವ ಅಂದಾರ."

ಹುಡುಗಿ ಹಾಗೆ ಹೇಳಿದಳು, ಆದರೆ ಸೀರೆಗೆಂದು ಹೊರಡುವಾಗ ನನ್ನ ಹತ್ತಿರ ಬಂದು, "ಮಾಮಾ, ಆರಾಮ ಆಗ್ತದ ಅಲಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಆ ದನಿ ಕೇಳಿದ ಮೇಲೆ ಶಾಖ ಕೊಟ್ಟುಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಬಾಬು ಜಾಬರನಿಗೆ ಹೇಳಿ ಕಳಿಸಿದೆ.

ಬಾಬುವಿನ ಲೆಕ್ಕದಲ್ಲಿ ಮನುಷ್ಯನೂ ಒಂದು ಮಗ್ಗ. ಅವನು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಡಾಕ್ಟರ ಕೆಲಸ ಅಲ್ರಿ. ಕೊಲ್ಹಾಪುರದಾಗ ಒಬ್ಬರು ವಸ್ತಾದರು ಅದಾರ" ಎಂದ. ವಸ್ತಾದರೆಂದರೆ ಕುಸ್ತಿ ಕಲಿಸುವ ಗುರುಗಳು. ಇವರು ಅಖಾಡ ಬಿಟ್ಟ ಮೇಲೆ ಮಾಲೀಶನ್ನೇ ಉದ್ಯೋಗ ಮಾಡಿಕೊಂಡಿದ್ದರು. ದೊಡ್ಡ ದೊಡ್ಡ ಪೈಲವಾನರೆಲ್ಲ ಅವರ ಕೈಕೆಳಗೆ ಮಲಗಿ ಎದ್ದವರು. "ಆದ್ರ ಸುಮ್ನ ಹೋಗಂಗಿಲ್ರಿ. ಅಪಾಯಿಂಟ್‌ಮೆಂಟ್ ತಗೋಬೇಕು" ಎಂದು ಬಾಬು ಹೇಳಿದಾಗ ಅವ್ವ ಸೆರಗು ಸರಿಮಾಡಿಕೊಂಡಳು. ಆ ಶಬ್ದ ನಮ್ಮ ಮನೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಬಾಬು ಯಾವುದೋ ಬಿಡಿಭಾಗ ತರಲು ಕೊಲ್ಹಾಪುರಕ್ಕೆ ಹೋದವನು ಮುಂದಿನ ಸೋಮವಾರದ ಬೆಳಗಿನ ವೇಳೆ ಗೊತ್ತು ಮಾಡಿಕೊಂಡು ಬಂದ. ಜೊತೆಗೆ ವಸ್ತಾದರ ಅಪ್ಪಣೆಗಳನ್ನೂ ತಂದಿದ್ದ. "ಜಳಕಾ ಮಾಡಿ ಬರಬೇಕಂತ. ಖಾಲಿ ಹೊಟ್ಟಿಲೆ ಬರಬೇಕಂತ. ಹಾಸಗೊಳ್ಳಾಕ ಒಂದು ಹಳೇ ಧೋತರ ತರಬೇಕಂತ. ಮೈಮ್ಯಾಲೆ ಲಂಗೋಟಿ ಒಂದ ಇರಬೇಕಂತ. ಮತ್ತ ನಾಚಬಾರದಂತ."

ಮೊದಲಿನವು ಸುಲಭ ಎನಿಸಿದವು. ಕೊನೆಯದನ್ನು ಕೇಳಿ ನನಗೆ ಕೂಡಲೇ ನಾಚಿಕೆ ಬಂತು. ನನ್ನ ಮೈಯನ್ನು ಹಗಲು ಬೆಳಕಿನಲ್ಲಿ ಬಟ್ಟೆ ಇಲ್ಲದೆ ನೋಡಿದವರೆಂದರೆ ಚಿಕ್ಕಂದಿನಲ್ಲಿ ಎರೆದ ಅವ್ವ. ಅವಳು ನೋಡಿದಾಗ ಅದು ಬೇರೆಯೇ ಮೈ. ಈಗ ಹೊಟ್ಟೆ ಒಂದು ಕಡೆ ಬೆಳೆದಿತ್ತು, ಎದೆ ಒಂದು ಕಡೆ ಕುಸಿದಿತ್ತು, ಕಾಲುಗಳು ಯಾವ ಪಕ್ಷಕ್ಕೂ ಸೇರದೆ ಕಡ್ಡಿಯಂತೆ ಉಳಿದಿದ್ದವು. ಈ ಸರಕನ್ನು ಪೈಲವಾನರ ಮೈ ನೋಡಿದ ಕಣ್ಣಿಗೆ ತೋರಿಸಬೇಕು. ಸೋಮವಾರದೊಳಗೆ ಸ್ವಲ್ಪವಾದರೂ ಸುಧಾರಿಸೋಣವೆಂದು ಬೆಳಗ್ಗೆ ಎದ್ದು ದಂಡ ಹೊಡೆಯಲು ನೆಲಕ್ಕೆ ಕೈ ಊರಿದೆ. ಕೈ ಊರಿದ್ದಷ್ಟೇ ನೆನಪು. ಸುಶೀಲಾ ಬಂದು ಎತ್ತುವವರೆಗೆ ಹಾಗೇ ಇದ್ದೆ. "ಬೆನ್ನ ಸರಿ ಇಲ್ಲಂತ ಮಾಲೀಶಿಗೆ ಹೊಂಟವರು ಮಾಲೀಶಿಗೆ ಹೋಗಾಕಂತ ಬೆನ್ನ ಮುರಕೋತೀರೇನ್ರಿ?" ಎಂದಳು. ಆಮೇಲೆ ವ್ಯಾಯಾಮ ಬಿಟ್ಟು ಹೊಟ್ಟೆಯನ್ನು ಒಳಗೆ ಎಳೆದುಕೊಂಡಿರುವ ಅಭ್ಯಾಸ ಮಾಡಿದೆ. ಉಸಿರು ಬಿಡದಿದ್ದರೆ ಅದು ಸಾಧ್ಯವಿತ್ತು.

ಸುಶೀಲಾಳ ಚಿಂತೆ ಬೇರೆಯಾಗಿತ್ತು. ಅವಳು ನನ್ನ ಬನಿಯನ್‌ಗಳನ್ನೆಲ್ಲ ಹಗ್ಗದ ಮೇಲೆ ಸಾಲಾಗಿ ಹರವಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಪ್ರತಿಯೊಂದರಲ್ಲೂ ನಕ್ಷತ್ರಗಳು ಕಂಡವು.

"ಅಲ್ಲೆ ಹೋಗಿ ಬಿಚ್ಚೂದ ಐತಿ ಅಲಾ" ಎಂದೆ.

"ಬಿಚ್ಚೂಮುಂದ ಕಾಣ್ತದಲ್ರಿ. ಹೇಂತಿ ಸತ್ತಾಳೇನ್ ಇವಂದು ಅಂದಾರು."

ಹೊಸ ಬನಿಯನ್ ಬಂತು. ಲಂಗೋಟಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅದು ಕುಸ್ತಿಯವರ ಉಡುಪು. ನಮ್ಮ ಮನೆತನದಲ್ಲಿ ಯಾರೂ ತೊಟ್ಟಿರಲಿಲ್ಲ. ಜವಳಿಯ ಊರಿನಲ್ಲಿದ್ದುಕೊಂಡು ಗೇಣು ಬಟ್ಟೆಗೆ ಅಂಗಡಿಗೆ ಹೋಗುವುದು ಅವಮಾನವೆಂದು ಸುಶೀಲಾ ಪೆಟ್ಟಿಗೆಯಲ್ಲಿದ್ದ ಕುಪ್ಪಸದ ಕೆಂಪು ಖಣದಲ್ಲೇ ಒಂದನ್ನು ಹೊಲಿದಳು. ಖಣವೆಂದ ಮೇಲೆ ಜರಿ ಅಂಚು ಇರಲೇಬೇಕು. ನಾನು ಅದನ್ನು ಕಟ್ಟಿಕೊಂಡು ನೋಡುತ್ತಿದ್ದಾಗಲೇ ಅವ್ವ ಒಳಗೆ ಬಂದಳು. ಅಡಿಯಿಂದ ಮುಡಿಯವರೆಗೆ ನೋಡಿ, ಹೊರಗೆ ಹೋಗಿ, ದೇವರ ಮುಂದೆ ಕೂತಳು. ಜರಿ ಬಿಚ್ಚಿಸಿದೆ.

ಅವ್ವ ದೇವರ ಮುಂದೆ ಕೂತದ್ದಕ್ಕೆ ಇನ್ನೊಂದು ಕಾರಣವಿತ್ತೆಂದು ಸಂಜೆ ಗೊತ್ತಾಯಿತು. ಮೈಮೇಲೆ ಲಂಗೋಟಿ ಒಂದೇ ಎಂದರೆ ಕೊರಳಲ್ಲಿಯ ಲಿಂಗ? ಅದನ್ನು ಮೈಯಿಂದ ಅಗಲಿಸುವ ಹಾಗಿಲ್ಲ. ಬೋರಲು ಮಲಗಿದರೆ ಬೆಳ್ಳಿಯ ಕರಡಿಗೆ ಎದೆಗೆ ಒತ್ತುತ್ತದೆ. ಬೆನ್ನ ಮೇಲೆ ಹಾಕಿಕೊಂಡರೆ ವಸ್ತಾದರ ಎಣ್ಣೆಗೈ ತಗಲುತ್ತದೆ. ಅವ್ವ ಓಣಿಯ ಮಠದ ಅಯ್ಯನವರನ್ನೇ ಕರೆಸಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡು, "ಮಡಿವಸ್ತ್ರದಾಗ ಕಟ್ಟಿ ರಟ್ಟಿಗೆ ಕಟಗೊಳ್ರಿ. ಅದಕ್ಕೇನ ಅಡ್ಡಿಯಿಲ್ಲ" ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚಹ ಕುಡಿದು ಏಳುವಾಗ, "ಆ ವಸ್ತಾದರು ಮೊಣಕಾಲ ನೋವಿಗೂ ನೋಡ್ತಾರೇನ್ರಿ?" ಎಂದು ಕೇಳಿದರು.

ಭಾನುವಾರ ಎಣ್ಣೆಯ ದಿನ. ಎಣ್ಣೆ ತರಬೇಕೆಂದು ಅಪ್ಪಣೆ ಇರಲಿಲ್ಲ, ತರಬಾರದೆಂದೂ ಇರಲಿಲ್ಲ. ಕುಸುಬಿಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ, ಒಂದಿಷ್ಟು ಇಂಗು ಹಾಕಿ ಅವ್ವ ಕಾಸಿದಳು. ವಾಸನೆಗೆ ಪಕ್ಕದ ಮನೆಯವರು, "ಏನ್ ಒಗ್ಗರಣಿ ಹಾಕೀರಿ?" ಎಂದು ಬಂದು ಕೇಳಿದರು. "ನನಗ" ಎಂದೆ. ಆ ರಾತ್ರಿ ಸುಶೀಲಾ ನನ್ನನ್ನು ಬೋರಲು ಮಲಗಿಸಿ, ನೋವು ತಡೆಯುವ ತಾಲೀಮು ಆಗಲೆಂದು ಲಟ್ಟಣಿಗೆಯಿಂದ ಒತ್ತಿದಳು. ಅವಳ ಕೈ ಹಗುರ, ಆದರೆ ಬಹಳ ವರ್ಷಗಳ ಸಂಸಾರ ಅದರ ಹಿಂದಿತ್ತು. ಪೈಲವಾನರ ಮುಂದೆ ಕೂಗಿಕೊಳ್ಳಬಾರದೆಂದು ನಾನು ದಿಂಬು ಕಚ್ಚಿ ಹಿಡಿದೆ.

ಸೋಮವಾರ ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೊರಟೆ. ಹೊಸ ಬನಿಯನ್, ಅದರ ಮೇಲೆ ಇಸ್ತ್ರಿಯ ಅಂಗಿ, ಒಳಗೆ ಜರಿ ಇಲ್ಲದ ಖಣ, ರಟ್ಟೆಗೆ ಲಿಂಗ, ಕೈಚೀಲದಲ್ಲಿ ಧೋತರ ಮತ್ತು ಎಣ್ಣೆಯ ಬಾಟಲಿ. ಬೂಚು ಸಡಿಲಾಗಿತ್ತೆಂಬುದು ಬಸ್ಸು ಊರು ದಾಟುವಾಗ ತಿಳಿಯಿತು. ನನ್ನ ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದೆ ಹೋದರು. ಅವರ ಜಾಗಕ್ಕೆ ಬಂದವರೂ ಹೋದರು. ಖಾಲಿ ಹೊಟ್ಟೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆಯ ವಾಸನೆ ಕುಡಿಯುತ್ತ ಕೂರುವುದು ಎಂಥ ಪರೀಕ್ಷೆ ಎಂದು ಉಪವಾಸ ಮಾಡುವವರು ಬಲ್ಲರು. ಕಂಡಕ್ಟರ್ ಮಾತ್ರ ನನ್ನ ಹತ್ತಿರವೇ ನಿಂತು, "ಎಲ್ಲಿ ಊಟ ಐತ್ರಿ ಇವತ್ತು?" ಎಂದು ಆಸೆಯಿಂದ ಕೇಳಿದ.

ವಸ್ತಾದರ ಮನೆ ತಾಲೀಮಿನ, ಅಂದರೆ ಗರಡಿಮನೆಯ, ಹಿಂದಿನ ಗಲ್ಲಿಯಲ್ಲಿ. ಬಾಗಿಲಲ್ಲಿ ಅವರೇ ನಿಂತಿದ್ದರು, ಬಾಗಿಲಷ್ಟೇ ಅಗಲ. ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಗಂಟಾದ ಕಿವಿಗಳು, ಹತ್ತಿಯಂಥ ದನಿ. ತಾಯಿ ಗಡಹಿಂಗ್ಲಜದ ಕಡೆಯವರಾದ್ದರಿಂದ ಮರಾಠಿಯ ನಡುವೆ ಕನ್ನಡವೂ ಬರುತ್ತಿತ್ತು. "ಯಾ, ಯಾ ಪೈಲವಾನ" ಎಂದು ಮರಾಠಿಯಲ್ಲಿ ಒಳಗೆ ಕರೆದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅಂಗಿ ಬಿಚ್ಚಿ, ಹೊಸ ಬನಿಯನ್ನನ್ನು ಅವರಿಗೆ ಕಾಣುವಂತೆ ನಿಧಾನವಾಗಿ ತೆಗೆದೆ. ಅವರು ಆಗ ಕಿಟಕಿಯ ಕಡೆ ನೋಡುತ್ತಿದ್ದರು. ಎಣ್ಣೆಯ ಬಾಟಲಿಯನ್ನು ಮೂಸಿ, "ಹೇ ಘರೀ ನ್ಯಾ, ಮನೀಗೆ ಒಯ್ರಿ, ಇದರಾಗ ಚಟ್ನಿ ಕಲಸಿ ತಿನ್ರಿ, ಭಾಳ ಚಲೋ ಐತಿ" ಎಂದು ಮರಳಿ ಕೊಟ್ಟರು. ಕೆಂಪು ಖಣವನ್ನು ಕಂಡಾಗ ಮಾತ್ರ ಅವರ ಕಣ್ಣು ಒಂದು ಗಳಿಗೆ ನಿಂತಿತು. ದೊಡ್ಡ ಮನುಷ್ಯ, ಕೂಡಲೇ ಕಿಟಕಿಯ ಕಡೆ ತಿರುಗಿದರು.

ಬೋರಲು ಮಲಗಿದೆ. ಹೊಟ್ಟೆ ಒಳಗೆಳೆದೆ. ಉಸಿರು ಹಿಡಿದೆ. ವಸ್ತಾದರ ಅಂಗೈ ನನ್ನ ಬೆನ್ನ ಮೇಲೆ ಇಳಿಯಿತು, ಆದರೆ ಒತ್ತಲಿಲ್ಲ. ಅಲ್ಲೇ ನಿಂತಿತು.

"ಒಂದ ಮಾತ ಕೇಳ್ಲೇನ್ರಿ? ನೀವು ಪೇಟೆಯಾಗ ಕುಂಡ್ರೋ ಮಂದಿ. ಇವತ್ತ ಸಂಜಿಗೆ ನನ್ನ ಮಗಳನ ನೋಡಾಕ ಬರ್ತಾರ. ಹುಡುಗಾ ಮಾಸ್ತರ. ಮನೀ ಮಂದಿ ನನಗ ಕೋಟ ಹಾಕ್ಕೋ ಅಂತಾರ. ಹಾಕ್ಕೋಬೇಕೇನು?"

ನಾನು ನೆಲದ ಕಡೆ ಮುಖ ಮಾಡಿಕೊಂಡೇ, "ಕೋಟ ಐತೇನ್ರಿ?" ಎಂದೆ.

"ಹೊಲಿಸೀವಿ. ಹಾಕ್ಕೊಂಡ್ರ ಉಸರ ಹಿಡದಂಗ ಆಗ್ತದ. ಜನ್ಮ ಪೂರಾ ಸಾವಿರಾರು ಮಂದಿ ಮುಂದ ಲಂಗೋಟ್ಯಾಗ ನಿಂತೇನಿ, ಏನೂ ಅನಸಿಲ್ಲ. ಕೋಟಿನಾಗ ನಾಲ್ಕ ಮಂದಿ ಮುಂದ ಕುಂಡ್ರಾಕ ಎದಿ ಹೊಡಕೊಳ್ತದ."

ಇಷ್ಟು ದೊಡ್ಡ ದೇಹ ನನ್ನ ಬೆನ್ನ ಮೇಲೆ ಕೈಯಿಟ್ಟು ಹೆದರುತ್ತಿತ್ತು. ನನಗೆ ನಗು ಬರಲಿಲ್ಲ. ಕನಿಕರ ಬಂತು, ಮತ್ತು ಹಿಡಿದ ಉಸಿರು ತಾನಾಗಿ ಬಿಟ್ಟುಹೋಯಿತು, ಹೊಟ್ಟೆ ಧೋತರದ ತುಂಬ ಹರಡಿತು. "ಕೋಟ ಹಾಕ್ಕೊಳ್ರಿ, ಗುಂಡಿ ಹಾಕಬ್ಯಾಡ್ರಿ" ಎಂದೆ. "ಅಷ್ಟಾದ್ರ ಆದೀತು" ಎಂದು ಅವರು ಸಮಾಧಾನಗೊಂಡರು. ಅಲ್ಲಿಂದ ಮುಂದೆ ಅವರ ಕೈ ಕೆಲಸ ಮಾಡಿತು, ಬಾಯಿ ಬೀಗರಿಗೆ ಏನು ತಿನ್ನಲು ಕೊಡಬೇಕೆಂದು ಕೇಳಿತು. ಚೂಡಾ ಎನ್ನುವುದರೊಳಗೆ ಒಂದು ಕೀಲು ಕಟಕ್ಕೆಂದಿತು. ಶಂಕರಪಾಳಿ ಎನ್ನುವುದರೊಳಗೆ ಇನ್ನೊಂದು. ನಾನು ಕೂಗಿದೆನೇ ಎಂದು ಸುಶೀಲಾ ಆಮೇಲೆ ಕೇಳಿದಳು. ಕೂಗಿದೆ, ಆದರೆ ಅದು ತಿಂಡಿಯ ಬಗ್ಗೆ ನನ್ನ ಅಭಿಪ್ರಾಯವೆಂದು ವಸ್ತಾದರು ತಿಳಿದುಕೊಂಡರು.

ಎದ್ದು ನಿಂತಾಗ ಗೋಡೆ ನೇರವಾಗಿ ಕಂಡಿತು. ಬಹಳ ದಿನಗಳ ಮೇಲೆ ಮನುಷ್ಯರ ಮುಖಗಳ ಎತ್ತರಕ್ಕೆ ನನ್ನ ಮುಖ ಬಂದಿತ್ತು. ವಸ್ತಾದರು ಕೈ ಒರೆಸಿಕೊಳ್ಳುತ್ತ, "ನಡೀರಿ, ಕುಂಡ್ರರಿ, ಮಲಕೊಳ್ರಿ. ಈ ಬ್ಯಾಸಗಿ ಮುಗಿಯೋತನಕ ನೀರಿನ ಬಕೀಟ ಸುದ್ದಾ ಎತ್ತಬ್ಯಾಡ್ರಿ" ಎಂದರು. ನಾನು ಕಸ್ತೂರಿಯ ವಿಷಯ ಹೇಳಿದೆ. ಅವರು ತಮ್ಮ ಗಂಟುಗಿವಿ ತುರಿಸಿಕೊಂಡು, "ಹುಡುಗಿ ಬಕೀಟಕಿಂತ ಹಗರ ಇದ್ರ ಎತ್ರಿ" ಎಂದರು.

ಮದುವೆಗೆ ಗಡಹಿಂಗ್ಲಜಕ್ಕೆ ಹೋದವನೇ ಕಸ್ತೂರಿಯನ್ನು ಒಳಕೋಣೆಯಲ್ಲಿ ಕಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅರಿಸಿನದ ಮುಖವನ್ನು ನನ್ನ ಕಿವಿಯ ಹತ್ತಿರ ತಂದು, "ಮಾಮಾ, ನೀ ಕೈ ಅಷ್ಟ ಹಿಡಿ. ಸೀರಿ ನೆಲಾ ಮುಟ್ಟತೈತಿ, ಮ್ಯಾಲೆ ಶಾಲ ಇರ್ತೈತಿ. ಒಳಗ ನಾ ತುದಿಗಾಲಿಲೆ ನಡೀತೇನಿ. ಯಾರಿಗೂ ತಿಳ್ಯಂಗಿಲ್ಲ" ಎಂದಳು. ಹಾಗೆಯೇ ಆಯಿತು. ಅವಳು ನನ್ನ ಕೊರಳಿಗೆ ಕೈ ಹಾಕಿದಳು; ನಾನು ಒಂದು ಕೈ ಬೆನ್ನಿಗೆ, ಒಂದು ಕೈ ಶಾಲಿನ ಕೆಳಗೆ ಹಿಡಿದೆ. ಖೋಖೋ ಆಡಿದ ಕಾಲುಗಳು ಮೊಣಕಾಲು ಮಡಚಿಕೊಂಡು ಸದ್ದಿಲ್ಲದೆ ನಡೆದವು. ನೋಡುವವರಿಗೆ ಮಾಮಾ ಹೊತ್ತಿದ್ದ. ವಾಸ್ತವದಲ್ಲಿ ನನ್ನ ಅರ್ಧ ಭಾರ ಅವಳ ಮೇಲಿತ್ತು. "ಸಾವಕಾಶ ಮಾಮಾ, ಮೆಟ್ಟಲಾ ಬಂತು" ಎಂದು ನನ್ನ ಕಿವಿಯಲ್ಲಿ ಹೇಳುತ್ತ ಅವಳೇ ನನ್ನನ್ನು ಅಂಗಳ ದಾಟಿಸಿದಳು. ಹೆಂಗಸರು ಅಕ್ಕಿ ಹಿಡಿದು ನೋಡುತ್ತಿದ್ದರು, ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹಂದರದ ಕಂಬದ ಹತ್ತಿರ ಸೋಮಣ್ಣ ನಿಂತಿದ್ದ. ತೋಳು ಮೇಲೆ ಮಡಚಿಕೊಂಡು, ನಾನು ಯಾವಾಗ ಬೀಳುತ್ತೇನೆ, ಯಾವಾಗ "ತಾ ಇಲ್ಲೆ" ಎನ್ನಲಿ ಎಂದು ಕಾಯುತ್ತಿದ್ದ. ಅವನ ಮುಖ ನೋಡಿದ್ದೇ ತಪ್ಪಾಯಿತು. ನನ್ನೊಳಗೆ ಯಾವನೋ ಪೈಲವಾನ ಎದ್ದು ಕೂತ. ಇನ್ನು ಎರಡೇ ಹೆಜ್ಜೆ ಇದೆ ಎನ್ನುವಾಗ ನಾನು ಕಸ್ತೂರಿಯನ್ನು ನಿಜವಾಗಿಯೂ ಎತ್ತಿಬಿಟ್ಟೆ. ಅವಳು ಗಾಬರಿಯಾಗಿ, "ಮಾಮಾ, ಬ್ಯಾಡೋ" ಎಂದಳು. ಅಷ್ಟರಲ್ಲಿ ಮಣೆಯ ಮೇಲೆ ಇಳಿಸಿಯಾಗಿತ್ತು. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನ್ನ ಬೆನ್ನಲ್ಲಿ ಏನೋ ಕಟಕ್ಕೆಂದದ್ದು ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಈ ಸಲ ಬೆನ್ನು ಬಾಗಿ ಹಿಡಿದುಕೊಳ್ಳಲಿಲ್ಲ. ನೆಟ್ಟಗೆ ಹಿಡಿದುಕೊಂಡಿತು, ನೆಟ್ಟ ಕಂಬದ ಹಾಗೆ.

ಊಟಕ್ಕೆ ನೆಲದ ಮೇಲೆ ಪಂಕ್ತಿ ಹಾಕಿದ್ದರು. ನನ್ನನ್ನು ಮೊದಲ ಸಾಲಿಗೆ ಕರೆದರು. ಕೂತರೆ ಏಳಲಾರೆ, ಏಳುವುದಿರಲಿ, ಕೂರಲೇ ಆರೆ. "ನಮ್ಮ ಬೀಗರದಾಗಲಿ" ಎಂದು ನಿಂತೆ. ಎರಡನೆಯ ಪಂಕ್ತಿಗೆ ಕರೆದಾಗ, "ದೂರದವರು ಉಣ್ಣಲಿ" ಎಂದೆ. ಬಗ್ಗಿ ಬಡಿಸುವಂತಿರಲಿಲ್ಲ, ಸಾಲಿನ ತುದಿಯಲ್ಲಿ ನೆಟ್ಟಗೆ ನಿಂತು, "ಇತ್ತ ಹುಗ್ಗಿ ತರ್ರಿ, ಅಲ್ಲೆ ತುಪ್ಪ ಹಾಕ್ರಿ" ಎಂದು ಬಡಿಸುವವರಿಗೆ ಹೇಳುತ್ತಿದ್ದೆ. ಸುಶೀಲಾಳಿಗೆ ವಿಷಯ ತಿಳಿದುಹೋಗಿತ್ತು. ಅವಳು ದೂರದಿಂದಲೇ ನನ್ನನ್ನು ನೋಡಿ ಹಣೆ ಮುಟ್ಟಿಕೊಂಡಳು. ಆದರೆ ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯ ಮುಂದಿನಿಂದ ತಲೆಯೆತ್ತಿ ಅಕ್ಕನಿಗೆ, "ಸೋದರಮಾವ ಅಂದ್ರ ಹಿಂಗಿರಬೇಕ್ರಿ. ಹುಡುಗಿನ ಎತ್ತಿ ತಂದಾನ, ಮುಂಜಾನಿಂದ ಒಂದ ಗಳಿಗಿ ಕುಂತಿಲ್ಲ" ಎಂದರು. "ಹೌದ್ರಿ, ಅಂವಾ ಮೊದಲಿಂದ ಹಂಗ" ಎಂದು ಅಕ್ಕ ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಸೋಮಣ್ಣ ಕೂಡ ಹೋಳಿಗೆ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ಗೌರವದಿಂದ ನೋಡಿದ.

ಇಷ್ಟು ಹೊಗಳಿಕೆ ಬಂದಾಗ ಮನುಷ್ಯ ವಿನಯದಿಂದ ಒಂದಿಷ್ಟು ಬಾಗಬೇಕು ಎಂಬುದು ನನಗೂ ಗೊತ್ತು. ಬಾಗಲು ನೋಡಿದೆ, ಆಗಲಿಲ್ಲ. ಗಡಹಿಂಗ್ಲಜದ ಬೀಗರಲ್ಲಿ ಕೆಲವರು ಇವತ್ತಿಗೂ ನಾನು ಒಳ್ಳೆಯ ಮನುಷ್ಯನೆಂದೂ, ಗತ್ತು ಮಾತ್ರ ಸ್ವಲ್ಪ ಹೆಚ್ಚೆಂದೂ ಹೇಳುತ್ತಾರಂತೆ.